ಖಡ್ಗಮೃಗವೆಂಬ ಪುಟ್ಟ ರಿವಾಲ್ವರ್



34 ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ, ಪ್ರತಿ ಜನವರಿ 30ರ ಬೆಳಿಗ್ಗೆ 11 ಗಂಟೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನಾಚರಣೆ ಮಾಡಿಸುತ್ತಿದ್ದ ಮೇಷ್ಟ್ರು, ಈ ವಯಸ್ಸಿನಲ್ಲಿ ರಿವಾಲ್ವರ್ ಹಿಡಿದು ಗುಂಡು ಹಾರಿಸಿದರೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು, ಇನ್ನು ಕೆಲವರಿಗೆ ಬೇಸರವಾದೀತು. ಆದರೂ ಈ ವಿಷಯವನ್ನು ಬರೆಯಲೇಬೇಕೆಂದು ಕುಳಿತಿದ್ದೇನೆ. ಆ ಪುಟ್ಟ ಆಯುಧದ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಅದರ ಒಂದು ಎಳೆ ಕಲ್ಕತ್ತೆಯ ಬಂದರಿಗೂ, ಮತ್ತೊಂದು ಎಳೆ ದೆಹಲಿಯ ಬಿರ್ಲಾ ಭವನದ ಹುಲ್ಲುಹಾಸಿಗೂ ಬಂದು ಮುಟ್ಟುತ್ತದೆ.

ಮಗಳು ಮತ್ತು ಅಳಿಯ ಪ್ರಾಗ್ ನಗರದಲ್ಲಿರುವುದು ನಿಮಗೆ ಗೊತ್ತಿದೆ. ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು, "ಮಾವ, ಪಾಠದಲ್ಲಿ ಎಷ್ಟೋ ಯುದ್ಧ ಮಾಡಿಸಿದ್ದೀರಿ, ಒಮ್ಮೆಯಾದರೂ ಗುಂಡು ಹಾರಿಸಿದ್ದೀರಾ?" ಎಂದು ಕೇಳಿದರು. ಆ ಊರಿನಲ್ಲಿ ಪ್ರವಾಸಿಗಳೂ ತರಬೇತುದಾರರ ಕಣ್ಗಾವಲಿನಲ್ಲಿ ಗುರಿ ಅಭ್ಯಾಸ ಮಾಡಬಹುದಾದ ಒಳಾಂಗಣ ಶೂಟಿಂಗ್ ರೇಂಜ್‌ಗಳಿವೆ. ಪ್ರಾಗ್ ಇದಕ್ಕೆ ತಕ್ಕ ಊರೇ ಸರಿ. ಹದಿನೈದನೆಯ ಶತಮಾನದ ಹುಸೈಟ್ ಯುದ್ಧಗಳಲ್ಲಿ ಬೊಹೀಮಿಯಾದ ರೈತರು ಗಾಡಿಗಳನ್ನು ಕೋಟೆಯಂತೆ ಕಟ್ಟಿ, ಅವುಗಳ ಮರೆಯಿಂದ ಕೈಬಂದೂಕು ಹಾರಿಸಿ, ಕುದುರೆಯ ಮೇಲೆ ಬಂದ ಸರದಾರರನ್ನು ಸೋಲಿಸಿದರು. ಆ ಕೈಬಂದೂಕಿಗೆ ಅವರ ಭಾಷೆಯಲ್ಲಿ 'ಪಿಶ್ಟಾಲಾ', ಅಂದರೆ ಊದುವ ಪೀಪಿ, ಎಂಬ ಹೆಸರಿತ್ತು. ನಮ್ಮ 'ಪಿಸ್ತೂಲು' ಎಂಬ ಪದದ ಮೂಲ ಇದೇ ಎಂಬುದು ಅನೇಕ ವಿದ್ವಾಂಸರ ಮತ. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಓದುತ್ತಿದ್ದ 'ಹೌವಿಟ್ಜರ್' ಎಂಬ ಪದವೂ ಅದೇ ಯುದ್ಧಗಳ 'ಹೌಫ್ನಿಟ್ಸೆ' ಎಂಬ ಫಿರಂಗಿಯಿಂದ ಹುಟ್ಟಿದ್ದು.

ರೇಂಜಿನ ಮೇಜಿನ ಮೇಲೆ ಹಲವು ಬಗೆಯ ಕೈಬಂದೂಕುಗಳಿದ್ದವು. ಅವುಗಳ ನಡುವೆ ಒಂದು ಮಾತ್ರ ತಲೆಕೆಳಗಾಗಿ ಜೋಡಿಸಿದಂತೆ ಕಾಣುತ್ತಿತ್ತು. ರಿವಾಲ್ವರಿನ ನಳಿಕೆ ಸಿಲಿಂಡರಿನ ಮೇಲ್ಭಾಗಕ್ಕೆ ಸರಿಯಾಗಿ ಇರುವುದನ್ನು ನಾವೆಲ್ಲ ಸಿನಿಮಾಗಳಲ್ಲಿ ನೋಡಿದ್ದೇವೆ. ಇದರಲ್ಲಿ ನಳಿಕೆ ಕೆಳಭಾಗಕ್ಕಿತ್ತು. ಗಡಿಯಾರದ ಮುಖಕ್ಕೆ ಹೋಲಿಸಿ ಹೇಳುವುದಾದರೆ, ಸಾಮಾನ್ಯ ರಿವಾಲ್ವರುಗಳು 12 ಗಂಟೆಯ ಸ್ಥಾನದ ಗುಂಡನ್ನು ಹಾರಿಸಿದರೆ ಇದು 6 ಗಂಟೆಯ ಸ್ಥಾನದ ಗುಂಡನ್ನು ಹಾರಿಸುತ್ತದೆ. ಸಿಲಿಂಡರ್ ಕೂಡ ದುಂಡಗಿರದೆ, ಬದಿಗಳನ್ನು ಸವರಿ ಆರು ಮುಖದ್ದಾಗಿ ಮಾಡಲಾಗಿತ್ತು. ನಳಿಕೆಯ ಉದ್ದ ಕೇವಲ 2 ಅಂಗುಲ. ಇಟಲಿಯ ಕಿಯಾಪ್ಪ ಎಂಬ ಕಂಪನಿ ತಯಾರಿಸುವ ಇದರ ಹೆಸರು 'ರೈನೋ', ಅಂದರೆ ಖಡ್ಗಮೃಗ. ನಮ್ಮ ಪೂರ್ವಿಕರು ಆ ಪ್ರಾಣಿಯ ಹೆಸರಿನಲ್ಲೇ ಖಡ್ಗವನ್ನು ಇಟ್ಟಿದ್ದಾರೆ!

ಈ ವಿಚಿತ್ರ ರೂಪಕ್ಕೆ ಕಾರಣ ತಿಳಿಯಬೇಕಾದರೆ ಮೊದಲು ರಿವಾಲ್ವರಿನ ಜನ್ಮವೃತ್ತಾಂತವನ್ನು ಸ್ವಲ್ಪ ನೋಡಬೇಕು.

1830ರಲ್ಲಿ 'ಕೋರ್ವೋ' ಎಂಬ ಹಾಯಿಹಡಗು ಅಮೆರಿಕದ ಬಾಸ್ಟನ್ನಿನಿಂದ ನಮ್ಮ ಕಲ್ಕತ್ತೆಗೆ ಹೊರಟಿತು. ಅದರಲ್ಲಿ ನಾವಿಕನ ಕೆಲಸ ಕಲಿಯಲು ಸೇರಿದ್ದ 16 ವರ್ಷದ ಹುಡುಗನ ಹೆಸರು ಸ್ಯಾಮ್ಯುಯೆಲ್ ಕೋಲ್ಟ್. ಹಡಗಿನ ಚಕ್ರವೊಂದು ತಿರುಗಿ, ಹಲ್ಲಿಗೆ ಸಿಕ್ಕಿ, ಬೇಕಾದಲ್ಲಿ ಗಟ್ಟಿಯಾಗಿ ನಿಲ್ಲುವುದನ್ನು ನೋಡಿ ಅವನಿಗೆ ತಿರುಗುವ ಸಿಲಿಂಡರಿನ ಕಲ್ಪನೆ ಹೊಳೆಯಿತೆಂದೂ, ಆ ಪ್ರಯಾಣದಲ್ಲೇ ಮರದಲ್ಲಿ ಅದರ ಮಾದರಿಯನ್ನು ಕೆತ್ತಿದನೆಂದೂ ಹೇಳುತ್ತಾರೆ. ತಿರುಗುವ ಕೋಠಿಗಳ ಬಂದೂಕು ಅದಕ್ಕೂ ಮುಂಚೆ ಇರಲಿಲ್ಲವೆಂದಲ್ಲ. ಎಲಿಶಾ ಕೊಲಿಯರ್ ಎಂಬಾತ 1818ರಲ್ಲೇ ಲಂಡನ್ನಿನಲ್ಲಿ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದರ ಸಿಲಿಂಡರನ್ನು ಕೈಯಿಂದ ತಿರುಗಿಸಬೇಕಿತ್ತು, ಚಕಮಕಿ ಕಲ್ಲಿನಿಂದ ಕಿಡಿ ಹೊತ್ತಿಸಬೇಕಿತ್ತು. ಹ್ಯಾಮರನ್ನು ಎಳೆದೊಡನೆ ಸಿಲಿಂಡರ್ ತಾನಾಗಿ ತಿರುಗಿ ಬೀಗ ಹಾಕಿದಂತೆ ನಿಲ್ಲುವ ವ್ಯವಸ್ಥೆಗೆ ಕೋಲ್ಟ್ 1835ರಲ್ಲಿ ಬ್ರಿಟನ್ನಿನಲ್ಲಿ, 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ.

ಆ ಕಾಲದ ರಿವಾಲ್ವರಿನಲ್ಲಿ ಮದ್ದು ಮತ್ತು ಗುಂಡನ್ನು ಪ್ರತಿ ಕೋಠಿಯ ಮುಂಭಾಗದಿಂದ ತುಂಬಿ, ಹಿಂಭಾಗದಲ್ಲಿ ಪುಟ್ಟ ತಾಮ್ರದ ಟೊಪ್ಪಿಯೊಂದನ್ನು ಕೂರಿಸಬೇಕಿತ್ತು. ಹೆಬ್ಬೆರಳಿಗೆ ಸಿಗುವಂತೆ ಹ್ಯಾಮರ್ ಮೇಲೆಯೇ ಇತ್ತು. ಅದು ಬಡಿಯುವ ಟೊಪ್ಪಿಯೂ ಮೇಲಿನ ಕೋಠಿಯದೇ, ಗುರಿ ನೋಡುವ ಕಣ್ಣಿಗೆ ನೇರವಾದ ನಳಿಕೆಯೂ ಅಲ್ಲೇ. ಹೀಗೆ ಮೊದಲ ರಿವಾಲ್ವರುಗಳ ಅನುಕೂಲಕ್ಕಾಗಿ ನಳಿಕೆ ಮೇಲೆ ಬಂದು ಕುಳಿತಿತು. ಮುಂದೆ ಲೋಹದ ಕಾಡತೂಸುಗಳು ಬಂದವು. 1857ರಲ್ಲಿ ಸ್ಮಿತ್ ಮತ್ತು ವೆಸ್ಸನ್ ಎಂಬಿಬ್ಬರು, ಹಿಂದಿನಿಂದ ಕಾಡತೂಸು ತುಂಬಬಹುದಾದ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದರು. (ಅದೇ ವರ್ಷ ನಮ್ಮಲ್ಲಿ ಕೊಬ್ಬು ಸವರಿದ ಕಾಗದದ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ವಿಚಾರವೇ ಸಿಪಾಯಿಗಳ ದಂಗೆಗೆ ಕಿಡಿಯಾಯಿತು.) ತಾಮ್ರದ ಟೊಪ್ಪಿ ಹೋಯಿತು, ಮದ್ದು ತುಂಬುವ ತಾಪತ್ರಯ ಹೋಯಿತು, ಆದರೆ ನಳಿಕೆ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಕಾರಣ ಮರೆತುಹೋದ ಮೇಲೂ ಆಚರಣೆ ಉಳಿಯುವುದು ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಕಾರ್ಖಾನೆಗಳಲ್ಲೂ ಉಂಟು.

ಇದರಿಂದಾಗುವ ತೊಂದರೆಯನ್ನು ನಿಮ್ಮ ಭೌತಶಾಸ್ತ್ರದ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಮುಂದಕ್ಕೆ ಹೋದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆ ಒದೆತ ನಳಿಕೆಯ ನೇರದಲ್ಲಿ ಬರುತ್ತದೆ. ನಳಿಕೆ ನಮ್ಮ ಮುಷ್ಟಿಗಿಂತ ಮೇಲಿದ್ದರೆ ಆ ಅಂತರ ಸನ್ನೆಗೋಲಿನಂತೆ ಕೆಲಸ ಮಾಡಿ, ಬಂದೂಕಿನ ಮೂತಿ ಮೇಲಕ್ಕೆ ಹಾರುತ್ತದೆ, ಮಣಿಕಟ್ಟು ತಿರುಚುತ್ತದೆ. ಬಂದೂಕು ಚಿಕ್ಕದಾಗಿ ಹಗುರವಾದಷ್ಟೂ ಈ ನೆಗೆತ ಹೆಚ್ಚು. ನಳಿಕೆಯನ್ನು ಮುಷ್ಟಿಯ ನೇರಕ್ಕೆ ಇಳಿಸಿಬಿಟ್ಟರೆ ಒದೆತ ನೇರವಾಗಿ ಅಂಗೈಗೆ, ಅಲ್ಲಿಂದ ತೋಳಿಗೆ ಹೋಗುತ್ತದೆ. ಮೂತಿ ಅಷ್ಟಾಗಿ ನೆಗೆಯುವುದಿಲ್ಲ.

ಇದನ್ನೇ ತನ್ನ ಜೀವನದ ಕೆಲಸವನ್ನಾಗಿ ಮಾಡಿಕೊಂಡವನು ಇಟಲಿಯ ಎಮಿಲಿಯೊ ಗಿಸೋನಿ. 'ಮಾತೆಬಾ' ಎಂಬ ಹೆಸರಿನಲ್ಲಿ ಆತ ಒಂದರ ಮೇಲೊಂದು ವಿಚಿತ್ರ ರಿವಾಲ್ವರುಗಳನ್ನು ವಿನ್ಯಾಸಗೊಳಿಸಿದ. 1997ರಲ್ಲಿ ಬಂದ ಅವನ 'ಯೂನಿಕಾ 6' ಎಂಬುದರಲ್ಲಿ ನಳಿಕೆ ಕೆಳಗಿತ್ತಷ್ಟೇ ಅಲ್ಲ, ಒದೆತದ ಬಲದಿಂದಲೇ ಸಿಲಿಂಡರ್ ತಿರುಗಿ ಹ್ಯಾಮರ್ ಮತ್ತೆ ಸಜ್ಜಾಗುತ್ತಿತ್ತು. ಒದೆತದಿಂದಲೇ ರಿವಾಲ್ವರನ್ನು ನಡೆಸುವ ಕಲ್ಪನೆಗೆ ನಮ್ಮ ಚರಿತ್ರೆಯ ನಂಟಿದೆ. 1863ರಲ್ಲಿ ವಾಯವ್ಯ ಗಡಿಯ ಅಂಬೇಲಾ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಜಾರ್ಜ್ ಫಾಸ್ಬೆರಿ ಎಂಬ ಅಧಿಕಾರಿ 1895ರಲ್ಲಿ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಗಿಸೋನಿ 2008ರಲ್ಲಿ ತೀರಿಕೊಂಡ. ಆಂಟೋನಿಯೊ ಕುಡಾಜ್ಜೊ ಎಂಬಾತನೊಡನೆ ಸೇರಿ ಅವನು ರೂಪಿಸಿದ್ದ ರೈನೋ, 2009ರಲ್ಲಿ ಲೋಕದ ಕಣ್ಣಿಗೆ ಬಿತ್ತು. ತನ್ನ ಕಲ್ಪನೆ ಅಂಗಡಿಯ ಕಪಾಟಿಗೆ ಬಂದುದನ್ನು ನೋಡಲು ಅವನಿರಲಿಲ್ಲ.

ಇನ್ನು ನನ್ನ ಪ್ರಯೋಗದ ವಿಚಾರ. ಕಿವಿಗೆ ಮುಚ್ಚುಗೆ, ಕಣ್ಣಿಗೆ ಕನ್ನಡಕ ಹಾಕಿಸಿದ ಮೇಲೆ ತರಬೇತುದಾರ ಎರಡು ಎಚ್ಚರಿಕೆ ಹೇಳಿದ. ಒಂದು, ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಎರಡು, ಎಡಗೈಯ ಬೆರಳು ಮುಂದಕ್ಕೆ ಚಾಚಬಾರದು. ಸಾಮಾನ್ಯವಾಗಿ ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಗುಂಡು ಹಾರುವಾಗ ಅಲ್ಲಿಂದ ಕಾದ ಅನಿಲ ಚಿಮ್ಮುತ್ತದೆ. ಇದರಲ್ಲಿ ನಳಿಕೆ ಕೆಳಗಿರುವುದರಿಂದ ಆ ಸಂದಿ ಬೆರಳಿಗೆ ಇನ್ನೂ ಹತ್ತಿರ. ಮೇಲೆ ಕಾಣುವ ಹ್ಯಾಮರ್ ಕೂಡ ನಿಜವಾದ ಹ್ಯಾಮರ್ ಅಲ್ಲ, ಒಳಗೆ ಅಡಗಿರುವ ಹ್ಯಾಮರನ್ನು ಸಜ್ಜುಗೊಳಿಸುವ ಸನ್ನೆ ಮಾತ್ರ. ಎಳೆದು ಬಿಟ್ಟರೆ ಅದು ಮತ್ತೆ ತನ್ನ ಸ್ಥಾನಕ್ಕೆ ಮರಳುತ್ತದೆ. ಒಳಗೆ ಹ್ಯಾಮರ್ ಸಜ್ಜಾಗಿದೆಯೆಂದು ತಿಳಿಸಲು ಪಕ್ಕದಲ್ಲೊಂದು ಕೆಂಪು ಗುರುತು ತಲೆಯೆತ್ತುತ್ತದೆ.

ಹೋಲಿಸಿ ನೋಡಲೆಂದು ಮೊದಲು ಸಾಂಪ್ರದಾಯಿಕ ರೂಪದ, ಗಿಡ್ಡ ಮೂತಿಯ ರಿವಾಲ್ವರೊಂದನ್ನು ಕೊಟ್ಟರು. .38 ಸ್ಪೆಷಲ್ ಕಾಡತೂಸು. ಮೊದಲ ಗುಂಡಿಗೇ ಮೂತಿ ಚಾವಣಿ ನೋಡಿತು. ಐದು ಗುಂಡು ಮುಗಿಯುವ ಹೊತ್ತಿಗೆ ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಆನಂತರ ರೈನೋ. ಅದೇ .38 ಕಾಡತೂಸನ್ನು ಅದರಲ್ಲೂ ಹಾಕಬಹುದು. ಒದೆತವೇನೋ ಇತ್ತು, ಆದರೆ ಅದು ಯಾರೋ ಅಂಗೈಯನ್ನು ಹಿಂದಕ್ಕೆ ತಳ್ಳಿದಂತಿತ್ತೇ ಹೊರತು ತಿರುಚಿದಂತಿರಲಿಲ್ಲ. ಮೂತಿ ಸ್ವಲ್ಪ ಅಲುಗಿ ಮತ್ತೆ ಗುರಿಯ ಕಡೆಗೇ ಇಳಿಯಿತು. ಕೊನೆಗೆ 1935ರಲ್ಲಿ ಹುಟ್ಟಿದ, ಅದಕ್ಕಿಂತ ಬಲವಾದ .357 ಮ್ಯಾಗ್ನಮ್ ಕಾಡತೂಸುಗಳನ್ನು ಎರಡು ಹಾಕಿದರು. ಕಿವಿಯ ಮುಚ್ಚುಗೆಯನ್ನು ದಾಟಿ ಸದ್ದು ಎದೆಗೆ ಬಡಿಯಿತು, ಮೂತಿಯಲ್ಲಿ ಬೆಂಕಿಯ ಹೂವೊಂದು ಅರಳಿ ಆರಿತು. ಆದರೂ ನನ್ನಂಥ ಮುದುಕನ ಮಣಿಕಟ್ಟಿಗೆ ನೋವಾಗಲಿಲ್ಲ. ಕಾಗದದ ಗುರಿಯಲ್ಲಿ ಎರಡೂ ತೂತು ಅಂಗೈಯಗಲದೊಳಗೇ ಇದ್ದವು. ಅಳಿಯಂದಿರು ಚಪ್ಪಾಳೆ ತಟ್ಟಿದರು.

ನಾನು ಆಯುಧವನ್ನು ಮೇಜಿನ ಮೇಲಿಟ್ಟೆ. ಮೆಚ್ಚುಗೆ ಆಯಿತೆನ್ನುವುದು ನಿಜ. ಒಬ್ಬ ಮನುಷ್ಯ ಇಡೀ ಲೋಕ ಒಪ್ಪಿಕೊಂಡಿದ್ದ ಆಕಾರವನ್ನು ಪ್ರಶ್ನಿಸಿ, ದಶಕಗಟ್ಟಲೆ ದುಡಿದು, ತನ್ನ ಪ್ರಶ್ನೆಯೇ ಸರಿಯೆಂದು ಸಾಧಿಸಿದ್ದ. ಆದರೆ ಅವನು ಸಾಧಿಸಿದ್ದಾದರೂ ಏನು ಎಂಬುದು ಕೈಗೆ ತಿಳಿದ ಮೇಲೆ ಮನಸ್ಸು ಬೇರೆಡೆಗೆ ಹೊರಳಿತು. ಗುಂಡು ತಗುಲಿದವನಿಗೆ ಆಗುವುದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಾರಿಸಿದವನಿಗೆ ಆಗುವುದು ಮಾತ್ರ ಕಡಿಮೆಯಾಗಿದೆ. ಕೈಬಂದೂಕಿನ ಚರಿತ್ರೆಯನ್ನು ಹೀಗೂ ಓದಬಹುದಲ್ಲವೇ? ಕೋಲ್ಟ್ ಮರುಗುಂಡಿಗೆ ಕಾಯುವ ಸಮಯವನ್ನು ತೆಗೆದ. ಸ್ಮಿತ್ ಮತ್ತು ವೆಸ್ಸನ್ ಮದ್ದು ತುಂಬುವ ಶ್ರಮವನ್ನು ತೆಗೆದರು. ಗಿಡ್ಡ ನಳಿಕೆ ಮಾಡಿದವರು ಕಣ್ಣಿಗೆ ಬೀಳುವ ಭಯವನ್ನು ತೆಗೆದರು. ಗಿಸೋನಿ ಕೈಯ ನೋವನ್ನು ತೆಗೆದ. ಒಂದೊಂದಾಗಿ ತೆಗೆಯುತ್ತ ಬಂದದ್ದೆಲ್ಲವೂ ಮನುಷ್ಯನನ್ನು ಒಂದು ಕ್ಷಣವಾದರೂ ತಡೆದು ಯೋಚಿಸುವಂತೆ ಮಾಡಬಹುದಾಗಿದ್ದ ಅಡ್ಡಿಗಳೇ.

ಮುಚ್ಚಿಟ್ಟುಕೊಳ್ಳಬಹುದಾದ ಆಯುಧ ಚರಿತ್ರೆಯಲ್ಲಿ ಏನು ಮಾಡಿದೆಯೆಂದು ಸ್ವಲ್ಪ ನೋಡಿ. 1865ರಲ್ಲಿ ಲಿಂಕನ್ನರನ್ನು ಕೊಂದದ್ದು ಅಂಗೈಯಲ್ಲಿ ಅಡಗುವ ಡೆರಿಂಜರ್ ಪಿಸ್ತೂಲು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡರ ಮೇಲೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಹಾರಿದ್ದು 'ಬುಲ್‌ಡಾಗ್' ಮಾದರಿಯ ಗಿಡ್ಡ ರಿವಾಲ್ವರಿನ ಗುಂಡು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಯವರನ್ನು ಕೊಂದವನು ತನ್ನ .32 ರಿವಾಲ್ವರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೈಕುಲುಕುವವರ ಸಾಲಿನಲ್ಲಿ ನಿಂತಿದ್ದ. ನಮ್ಮ ದೇಶದಲ್ಲೇ 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಮೇಲೆ ಮೊದಲು ಹಾರಿದ್ದು ಅವರ ಅಂಗರಕ್ಷಕನ .38 ರಿವಾಲ್ವರ್.

ಆದರೆ ಚರಿತ್ರೆಯ ಮೇಷ್ಟ್ರು ಒಂದೇ ಪಕ್ಕದ ಸಾಕ್ಷ್ಯ ಹೇಳಬಾರದು. 1932ರ ಫೆಬ್ರವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ, ಪದವಿ ಪಡೆಯಲು ಬಂದಿದ್ದ ಬೀನಾ ದಾಸ್ ಎಂಬ ತರುಣಿ ಗೌನಿನೊಳಗೆ ಅಡಗಿಸಿ ತಂದಿದ್ದ ರಿವಾಲ್ವರಿನಿಂದ ಬಂಗಾಳದ ಗವರ್ನರ್ ಸ್ಟಾನ್ಲಿ ಜಾಕ್ಸನ್ನರ ಮೇಲೆ ಐದು ಗುಂಡು ಹಾರಿಸಿದಳು. ಹಿಂದೆ ಇಂಗ್ಲೆಂಡಿನ ಕ್ರಿಕೆಟ್ ತಂಡದ ನಾಯಕರಾಗಿದ್ದ ಜಾಕ್ಸನ್ ಪಾರಾದರು. ಬೀನಾ ದಾಸ್‌ಗೆ ಒಂಬತ್ತು ವರ್ಷಗಳ ಸೆರೆವಾಸವಾಯಿತು. ಬಲಾಢ್ಯ ಸಾಮ್ರಾಜ್ಯದ ಎದುರು ಬರಿಗೈಯಲ್ಲಿ ನಿಂತ ಹೆಣ್ಣುಮಗಳಿಗೆ ಅಡಗಿಸಬಹುದಾದ ಆಯುಧವೇ ದಾರಿಯಾಗಿ ಕಂಡಿತ್ತು. 1878ರಲ್ಲಿ ಲಿಟ್ಟನ್ ಒಂದೇ ವರ್ಷದಲ್ಲಿ ಎರಡು ಕಾಯ್ದೆ ತಂದು, ದೇಶಭಾಷಾ ಪತ್ರಿಕೆಗಳ ಬಾಯಿಗೂ ಭಾರತೀಯರ ಕೈಗೂ ಬೀಗ ಹಾಕಿದ್ದನೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಬೀಗ ಹಾಕಿದ ಕೈ ಕತ್ತಲಲ್ಲಿ ಆಯುಧ ಹುಡುಕುವುದು ಆಶ್ಚರ್ಯವಲ್ಲ.

ಆಯುಧವನ್ನು ಬೇರೆ ಬಗೆಯಲ್ಲಿ ಇಟ್ಟುಕೊಂಡವರೂ ನಮ್ಮ ನಾಡಿನಲ್ಲೇ ಇದ್ದಾರೆ. ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ನರ ಕಾಲದಲ್ಲಿ ನಿರಾಯುಧೀಕರಣದ ಕಾಯ್ದೆಯಿಂದ ವಿನಾಯಿತಿ ದೊರೆಯಿತು. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ನನ್ನ ವೃತ್ತಿಯ ಮೊದಲ ವರ್ಷಗಳು ಕೊಡಗಿನಲ್ಲಿ ಕಳೆದವು. ಕೈಲ್‌ಪೊಳ್ದ್ ಹಬ್ಬದ ದಿನ ದೇವರಕೋಣೆಯಲ್ಲಿ ಕೋವಿಯಿಟ್ಟು, ತೋಕ್ ಪೂ ಮುಡಿಸಿ, ಮನೆಮಂದಿಯೆಲ್ಲ ಕೈಮುಗಿಯುತ್ತಿದ್ದರು. ಆನಂತರ ಊರ ಬಯಲಿನಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯೂ ಅವರಲ್ಲಿದೆ. ಆ ಕೋವಿ ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಅದು ಯಾರ ಮನೆಯದೆಂದು ಊರಿಗೆಲ್ಲ ಗೊತ್ತಿರುತ್ತದೆ. ಅದನ್ನು ಕೈಗೆತ್ತಿಕೊಂಡವನು ಮನೆತನದ ಹೆಸರನ್ನೂ ಕೈಗೆತ್ತಿಕೊಂಡಂತೆ. ಮೇಜಿನ ಮೇಲಿದ್ದ 2 ಅಂಗುಲದ ಆಯುಧಕ್ಕೆ ಅಂಥ ಸಾಕ್ಷಿಗಳಿಲ್ಲ. ಅಂಗಿಯ ಕೆಳಗೆ ಉಬ್ಬು ಕಾಣದಿರಲೆಂದೇ ಅದರ ಸಿಲಿಂಡರನ್ನು ಚಪ್ಪಟೆ ಮಾಡಿದ್ದಾರೆ.

ಅದು ಎಲ್ಲಿ ತಯಾರಾಗುತ್ತದೆಂದು ಕೇಳಿದಾಗ ತರಬೇತುದಾರ, "ಬ್ರೆಶಾ ಪ್ರಾಂತದಲ್ಲಿ" ಎಂದ. ಆ ಹೆಸರು ಕೇಳಿ ನಾನು ಒಂದು ಗಳಿಗೆ ಸುಮ್ಮನಾದೆ. ಉತ್ತರ ಇಟಲಿಯ ಬ್ರೆಶಾ ಬಂದೂಕಿನ ಕಸುಬಿಗೆ ಶತಮಾನಗಳಿಂದ ಹೆಸರಾದ ಸೀಮೆ. ಅಲ್ಲಿನ ಗಾರ್ಡೋನೆ ಎಂಬ ಕಣಿವೆಯ ಊರಿನಲ್ಲಿ ಬೆರೆಟ್ಟಾ ಮನೆತನದವರು 1526ರಲ್ಲೇ ವೆನಿಸ್ ಗಣರಾಜ್ಯಕ್ಕೆ 185 ಬಂದೂಕು ನಳಿಕೆಗಳನ್ನು ಒದಗಿಸಿದ ಲೆಕ್ಕಪತ್ರ ಉಳಿದಿದೆ. ಅದೇ ಮನೆತನದ ಕಾರ್ಖಾನೆಯಲ್ಲಿ ತಯಾರಾದ 'ಮಾದರಿ 1934' ಪಿಸ್ತೂಲೊಂದು ಇಟಲಿಯಿಂದ ಹೊರಟು, ಕೈಯಿಂದ ಕೈಗೆ ದಾಟಿ ಗ್ವಾಲಿಯರ್ ತಲುಪಿ, ಅಲ್ಲಿ ನಾಥೂರಾಮ್ ಗೋಡ್ಸೆಗೆ ದೊರಕಿತು. 1948ರ ಜನವರಿ 30ರ ಸಂಜೆ ಬಾಪೂ ಪ್ರಾರ್ಥನಾ ಸಭೆಗೆ ನಡೆದು ಬರುತ್ತಿದ್ದಾಗ, ಗೋಡ್ಸೆ ಕೈಜೋಡಿಸಿ ಎದುರಿಗೆ ಬಂದ. ಬಟ್ಟೆಯೊಳಗೆ ಅಡಗುವಷ್ಟು ಚಿಕ್ಕದಾಗಿದ್ದ ಆ ಪಿಸ್ತೂಲು ಮೂರು ಗುಂಡು ಹಾರಿಸಿತು. ಅದು ರಿವಾಲ್ವರ್ ಅಲ್ಲ, ರೈನೋಗೂ ಅದಕ್ಕೂ ಕಂಪನಿಯ ಸಂಬಂಧವಿಲ್ಲ. ಆದರೆ ಹುಟ್ಟಿದ ಸೀಮೆ ಒಂದೇ. 34 ವರ್ಷ ನಾನು ಮಕ್ಕಳನ್ನು ಮೌನವಾಗಿ ನಿಲ್ಲಿಸಿದ್ದು ಆ ಮೂರು ಸದ್ದುಗಳ ನೆನಪಿಗೆ. ಆ ಸದ್ದು ಎಷ್ಟು ದೊಡ್ಡದೆಂಬುದು ಪ್ರಾಗಿನ ಆ ನೆಲಮಾಳಿಗೆಯಲ್ಲಿ ನನ್ನ ಎದೆಗೆ ತಿಳಿಯಿತು.

ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ಮಗಳು ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತೇನೆ. "ಅಪ್ಪಾ, ರಾತ್ರಿ ಒಬ್ಬಳೇ ಬರುವ ಹುಡುಗಿಯ ಚೀಲದಲ್ಲಿ ಇಂಥದೊಂದು ಇದ್ದರೆ ನೀವು ಬೇಡವೆನ್ನುತ್ತೀರಾ?" 2012ರ ಡಿಸೆಂಬರಿನ ದೆಹಲಿಯ ಆ ಘೋರ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆ ಮಹಿಳೆಯರಿಗಾಗಿ 'ನಿರ್ಭೀಕ್' ಎಂಬ ಪುಟ್ಟ .32 ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು ಅರ್ಧ ಕಿಲೋ, ಆಗ ಅದರ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ ಇತ್ತು. ಬಸ್ಸಿಗಾಗಿ ಕಾಯುವ ಹೆಣ್ಣುಮಗಳಿಗೆ ಅಷ್ಟು ಹಣವೆಲ್ಲಿ, 1959ರ ಕಾಯ್ದೆಯ ಪ್ರಕಾರದ ಲೈಸೆನ್ಸ್ ಎಲ್ಲಿ ಎಂದು ಆಗಲೇ ಹಲವರು ಕೇಳಿದ್ದರು. ನಾನು ಮಗಳಿಗೆ ಹೇಳಿದ್ದು ಇಷ್ಟೇ: "ಬೇಡವೆನ್ನುವ ಅಧಿಕಾರ ನನಗಿಲ್ಲಮ್ಮ. ಆದರೆ ಅವಳ ಚೀಲದಲ್ಲಿ ಅಡಗುವಂಥದು ಅವಳ ಹಿಂದೆ ಬರುವವನ ಜೇಬಿನಲ್ಲೂ ಅಡಗುತ್ತದೆ, ಅವನ ಮಣಿಕಟ್ಟಿಗೂ ನೋವಾಗುವುದಿಲ್ಲ." ಅವಳು ಒಪ್ಪಲಿಲ್ಲ. ನಾವಿಬ್ಬರೂ ರಾತ್ರಿ ಊಟದವರೆಗೆ ವಾದಿಸಿದೆವು. ವಾದ ಇಂದಿಗೂ ಮುಗಿದಿಲ್ಲ, ಪ್ರತಿ ಭಾನುವಾರ ಫೋನಿನಲ್ಲಿ ಮುಂದುವರಿಯುತ್ತದೆ.

ನಿಮ್ಮಲ್ಲಿ ಕೆಲವರು ಪೊಲೀಸ್ ಇಲಾಖೆಯಲ್ಲಿದ್ದೀರಿ, ಇಬ್ಬರು ಸೈನ್ಯದಿಂದ ನಿವೃತ್ತರಾಗಿದ್ದೀರಿ, ಹಲವರು ಹೆಣ್ಣುಮಕ್ಕಳ ತಂದೆತಾಯಿಯರಾಗಿದ್ದೀರಿ. ಸೊಂಟದಲ್ಲಿ ಆಯುಧವಿಟ್ಟುಕೊಂಡು ದಿನ ಕಳೆಯುವುದು ಹೇಗಿರುತ್ತದೆಂಬುದನ್ನು ಬಲ್ಲವರು ನೀವು. ನಾನು ಹಾರಿಸಿದ್ದು ಒಟ್ಟು ಹದಿಮೂರು ಗುಂಡು, ಅದೂ ಕಾಗದಕ್ಕೆ. ಮಗಳ ಪ್ರಶ್ನೆಗೆ ನಿಮ್ಮ ಉತ್ತರವೇನೆಂದು ಬರೆದು ತಿಳಿಸಿ. ಮುಂದಿನ ಭಾನುವಾರದ ವಾದಕ್ಕೆ ನನಗೂ ಸ್ವಲ್ಪ ಬಲ ಬೇಕಾಗಿದೆ, ಇಲ್ಲವೇ ಅವಳಿಗೇ ಬಲ ಸಿಕ್ಕರೂ ಸಂತೋಷವೇ.